ಒಂದು ಎತ್ವದ ಫಜೀತಿ

ಸಿಕ್ಕಿದ್ದರ ಮೇಲೆಲ್ಲ ಬರೆದುಕೊಳ್ಳುವ ಚಟ ನನಗೆ ಮೊದಲಿನಿಂದಲೂ ಇದೆ. ಮದುವೆ ಕಾರ್ಡಿನ ಹಿಂದೆ, ಔಷಧಿ ಚೀಟಿಯ ಅಂಚಿನಲ್ಲಿ, ಏನೂ ಸಿಗದಿದ್ದರೆ ಅಂಗೈ ಮೇಲೆ. ಮೊನ್ನೆ ಹಳೆಯ ಕೈಚೀಲ ಕೊಡವಿದಾಗ ಒಂದು ಬಸ್ ಟಿಕೆಟ್ ಬಿತ್ತು. ಹೆಂಗಸರಿಗೆ ಕೊಡುವ ಉಚಿತ ಟಿಕೆಟ್ಟು. ಅಚ್ಚೆಲ್ಲ ಮಾಸಿಹೋಗಿ, ನಾನು ಎಲ್ಲಿಂದ ಎಲ್ಲಿಗೆ ಹೋಗಿದ್ದೆನೆಂಬುದು ಕಂಡಕ್ಟರಿಗೂ ಹೇಳಲಾಗದ ಸ್ಥಿತಿಯಲ್ಲಿತ್ತು. ಆದರೆ ಹಿಂಬದಿಯಲ್ಲಿ ನಾನು ಪೆನ್ನು ಒತ್ತಿ ಬರೆದಿದ್ದ ಎರಡು ಪದ ಮಾತ್ರ ಒಂದಿಷ್ಟೂ ಮಾಸದೆ ಉಳಿದಿದ್ದವು: ‘ಅವರೆ ಬಳ್ಳಿ’.

ನೋಡಿದ್ದೇ ತಡ, ಒಬ್ಬಳೇ ಕೂತು ನಗತೊಡಗಿದೆ. ಒಳಗಿನಿಂದ ನಮ್ಮ ಯಜಮಾನರು, “ಏನಾಯ್ತು?” ಎಂದರು. “ಏನಿಲ್ಲ ರೀ, ಎತ್ವ” ಎಂದೆ. ನಿವೃತ್ತಳಾದ ಮೇಲೆ ನಾನು ಹೀಗೆಯೇ ಎಂದು ಅವರು ಒಪ್ಪಿಕೊಂಡುಬಿಟ್ಟಿದ್ದಾರೆ.

ವಿಷಯ ಇಷ್ಟೆ. ಆ ಟಿಕೆಟ್ಟಿನ ಮೇಲೆ ಒಂದು ಎತ್ವ ಹೆಚ್ಚಾಗಿ ಬಿದ್ದಿದೆ. ಆ ಒಂದು ಎತ್ವದಿಂದ ರೆಹಾನಾ ಎಂಬ ಹುಡುಗಿಯ ಮೂರು ವರ್ಷದ ಸಂಶೋಧನೆ ನೀರಿನಲ್ಲಿ ಹೋಮ ಮಾಡಿದಂತೆ ಆಗುವುದರಲ್ಲಿತ್ತು. ಬರೆದವಳು ಬೇರೆ ಯಾರೂ ಅಲ್ಲ, ಮಧುಗಿರಿಯ ಕಾಲೇಜಿನಲ್ಲಿ ಇಪ್ಪತ್ತೆಂಟು ವರ್ಷ ಸಸ್ಯಶಾಸ್ತ್ರ ಪಾಠ ಮಾಡಿ, ಮಕ್ಕಳ ರೆಕಾರ್ಡ್ ಪುಸ್ತಕದಲ್ಲಿ ಕಾಗುಣಿತ ತಪ್ಪಿದರೆ ಕೆಂಪು ಶಾಯಿಯಲ್ಲಿ ಸುತ್ತು ಹಾಕುತ್ತಿದ್ದ ನಾನೇ.

ಗಿಡಮೂಲಿಕೆ ಎಂದೊಡನೆ ನನಗೆ ಮೊದಲು ನೆನಪಾಗುವುದು ವಿಜ್ಞಾನವಲ್ಲ, ನಮ್ಮಜ್ಜಿ ನನ್ನ ಮೂಗು ಹಿಡಿಯುತ್ತಿದ್ದದ್ದು. ಕೊರಟಗೆರೆ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಜ್ವರ ಬಂತೆಂದರೆ ನೆಲಬೇವಿನ ಕಷಾಯ ಕಾಯುತ್ತಿತ್ತು. ಅಜ್ಜಿ ನನ್ನ ಎರಡೂ ಕೈಗಳನ್ನು ತನ್ನ ಮಂಡಿಗಳ ನಡುವೆ ಅದುಮಿ, ಮೂಗು ಹಿಡಿದು, ಉಸಿರಿಗಾಗಿ ಬಾಯಿ ಬಿಟ್ಟ ಕ್ಷಣ ಹುಯ್ದುಬಿಡುತ್ತಿದ್ದಳು. ಆಮೇಲೆ ಒಂದು ಉಂಡೆ ಬೆಲ್ಲ. ಆ ಬೆಲ್ಲದ ಆಸೆಗೆ ನಾನು ಒಮ್ಮೆ ಸುಳ್ಳು ಜ್ವರ ಬರಿಸಿಕೊಂಡು ಕಂಬಳಿಯೊಳಗೆ ನರಳಿದೆ. ಅಜ್ಜಿ ಹಣೆ ಮುಟ್ಟಿ ನೋಡಿದಳು. ಕಷಾಯ ಕುಡಿಸಿದಳು. ಬೆಲ್ಲ ಕೊಡಲಿಲ್ಲ. “ಸುಳ್ಳಿಗೂ ಇದೇ ಮದ್ದು ಕಣೇ” ಎಂದಳು. ಆ ಕಹಿ ಇನ್ನೂ ನಾಲಿಗೆಯಲ್ಲಿದೆ. ಇಂಥ ನಾನು ಮುಂದೆ ಗಿಡಗಳನ್ನೇ ಓದಿ, ಗಿಡಗಳಿಂದಲೇ ಹೊಟ್ಟೆ ಹೊರೆದುಕೊಂಡೆ.

ಇರಲಿ, ಟಿಕೆಟ್ಟಿಗೆ ಬರೋಣ. ನಿವೃತ್ತಿಯಾದ ಮರುವರ್ಷ ಕಾರ್ತಿಕದಲ್ಲಿ ನಾನು ಪಾವಗಡದ ಕಡೆಯ ನಿಡುಗಲ್ ಬೆಟ್ಟಕ್ಕೆ ಹೋಗಿದ್ದೆ. ಹೋದವಳು ಸುಮ್ಮನೆ ಕೋಟೆ ನೋಡಿಕೊಂಡು ಬರಬಾರದೆ? ಬಂಡೆಯ ಸಂದಿನಲ್ಲಿ ಕಂಡ ಯಾವುದೋ ಹೂವಿಗೆ ಕೈ ಚಾಚಿ, ಕಾಲು ಜಾರಿ, ಕಣಕಾಲು ಉಳುಕಿಸಿಕೊಂಡೆ. ಕೆಳಗಿಳಿಯುವಷ್ಟರಲ್ಲಿ ಕಾಲು ಚಪ್ಪಲಿಗೆ ಹಿಡಿಯದಷ್ಟು ಊದಿತ್ತು. ಬೆಟ್ಟದ ಬುಡದ ಮೊದಲ ಮನೆಯ ಜಗಲಿಯಲ್ಲಿ ಕೂತುಬಿಟ್ಟೆ. ಅದು ಪುಟ್ಟಕ್ಕನ ಮನೆ.

ಪುಟ್ಟಕ್ಕನಿಗೆ ಆಗಲೇ ಎಪ್ಪತ್ತರ ಹತ್ತಿರ. ಊರಿನಲ್ಲಿ ಯಾರಿಗೆ ಬಾವು ಬಂದರೂ ಮದ್ದು ಹಾಕುವವಳು ಅವಳೇ. ನನ್ನ ಕಾಲು ನೋಡಿ, “ಅಯ್ಯೋ, ಏಮಮ್ಮಾ, ಬೆಟ್ಟ ಹತ್ತಾಕೆ ಹೋಗಿದ್ದಾ, ಬೆಟ್ಟದ ಜತೆ ಜಗಳಕ್ಕೆ ಹೋಗಿದ್ದಾ?” ಎಂದು ಒಳಗಿನಿಂದ ಒಂದು ಡಬ್ಬಿ ತಂದಳು. ಹಸಿರು ಬಣ್ಣದ ಎಲೆ ಪುಡಿ. ಬಿಸಿನೀರಿನಲ್ಲಿ ಕಲಸಿ ದಪ್ಪಗೆ ಮೆತ್ತಿ ಬಟ್ಟೆ ಕಟ್ಟಿದಳು. ಮನೆಗೆ ಬಂದ ಎರಡೇ ದಿನಕ್ಕೆ ಊತ ಇಳಿಯಿತು. ಹೊರಡುವಾಗ ಉಳಿದ ಪುಡಿಯನ್ನೂ ಪೊಟ್ಟಣ ಕಟ್ಟಿ ಕೊಟ್ಟಿದ್ದಳು. “ಇದು ಯಾವ ಎಲೆ ಪುಟ್ಟಕ್ಕ?” ಎಂದು ಕೇಳಿದ್ದೆ. “ಅವ್ರ ಬಳ್ಳಿ ಕಣಮ್ಮ, ಬೇಲಿ ಮ್ಯಾಲೆ ಹಬ್ತದಲ್ಲ” ಎಂದಿದ್ದಳು. ನಾನು ಬಸ್ಸಿನಲ್ಲಿ ಕೂತು ಟಿಕೆಟ್ಟಿನ ಹಿಂದೆ ಬರೆದುಕೊಂಡೆ. ಅವಳು ಹೇಳಿದ್ದು ಹಳ್ಳಿಯ ಮಾತು, ನಾನು ಅದನ್ನು ತಿದ್ದಿ ಶುದ್ಧ ಬರಹಕ್ಕಿಳಿಸಿದೆ. ಮೇಷ್ಟ್ರ ಬುದ್ಧಿ ಎಲ್ಲಿಗೆ ಹೋಗುತ್ತದೆ?

ರೆಹಾನಾ ನನ್ನ ಹಳೆಯ ವಿದ್ಯಾರ್ಥಿನಿ, ಶಿರಾದ ಹುಡುಗಿ. ಅವಳ ತಂದೆಗೆ ಅಲ್ಲಿ ಬಳೆ ಅಂಗಡಿ. ಅವಳು ಬಾವು ಇಳಿಸುವ ಗಿಡಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದಳು. ಮೂರು ವರ್ಷದಿಂದ ಹತ್ತಾರು ಗಿಡ ಅರೆದು ಸೋಸಿ ನೋಡಿದ್ದಳು, ಹೇಳಿಕೊಳ್ಳುವಂಥದ್ದು ಒಂದೂ ಸಿಕ್ಕಿರಲಿಲ್ಲ. ನಾನು ಆ ಪೊಟ್ಟಣವನ್ನು ಅವಳ ಕೈಗೆ ಹಾಕಿ, ನನ್ನ ಕಾಲಿನ ಮಹಿಮೆಯನ್ನು ವರ್ಣಿಸಿದೆ. ಅವಳು ಎಲ್ಲವನ್ನೂ ಕೇಳಿ, “ಮ್ಯಾಮ್, ಎರಡು ದಿನ ಕಾಲು ಮೇಲಿಟ್ಟು ಮಲಗಿದ್ರೂ ಊತ ಇಳೀತಿತ್ತಲ್ವಾ?” ಎಂದಳು. ಈ ಪ್ರಶ್ನೆ ಕೇಳುವುದನ್ನು ಕಲಿಸಿದವಳು ನಾನೇ ಆದ್ದರಿಂದ ಸಿಟ್ಟು ಮಾಡಿಕೊಳ್ಳುವ ಹಾಗಿರಲಿಲ್ಲ.

ಒಂದು ತಿಂಗಳ ಮೇಲೆ ಅವಳ ಫೋನು ಬಂತು. ಮೊದಲು ಬರೀ ಉಸಿರಾಟ ಕೇಳಿಸಿತು. ಆಮೇಲೆ, “ಮ್ಯಾಮ್, ತಣ್ಣಗಾಯ್ತು! ಯಾ ಅಲ್ಲಾ, ತಣ್ಣಗಾಯ್ತು ಮ್ಯಾಮ್!” ಎಂದು ಕಿರುಚಿದಳು. ಗಾಜಿನ ತಟ್ಟೆಯಲ್ಲಿ ಜೀವಕೋಶಗಳನ್ನು ಬೆಳೆಸಿ, ಬಾವು ಬರುವ ಹಾಗೆ ಅವನ್ನು ಕೆಣಕಿ, ಮೇಲೆ ಎಲೆಯ ಸಾರ ಹಾಕಿ, ಕೆರಳಿದ್ದು ಎಷ್ಟು ಇಳಿಯಿತೆಂದು ಅಳೆಯುವ ಪರೀಕ್ಷೆ ಅದು. ಪುಟ್ಟಕ್ಕನ ಪುಡಿ ಅವನ್ನು ಕೂಸು ಮಲಗಿಸಿದ ಹಾಗೆ ಮಲಗಿಸಿತ್ತು. ನಾನು ಅಡುಗೆಮನೆಯಲ್ಲಿ ಸೌಟು ಹಿಡಿದೇ ಕುಣಿದೆ. ಒಗ್ಗರಣೆ ಸೀದುಹೋಯಿತು. ಅಷ್ಟು ಸಂತೋಷ ನನಗೆ ನಿವೃತ್ತಿಯ ಸನ್ಮಾನದಲ್ಲೂ ಆಗಿರಲಿಲ್ಲ.

ಆದರೆ ವಿಜ್ಞಾನಕ್ಕೆ ಒಂದು ಸಲ ಸಾಲದು. ಅದೇ ಗಿಡ ಮತ್ತೆ ತರಬೇಕು, ಹೂವು ಕಾಯಿ ಸಮೇತ ಒಣಗಿಸಿ ಹಾಳೆಗೆ ಅಂಟಿಸಬೇಕು, ಹೆಸರು ಗೊತ್ತಾಗಬೇಕು, ಅದೇ ಫಲ ಮತ್ತೆ ಬರಬೇಕು. ಪುಡಿಯೆಲ್ಲ ಪರೀಕ್ಷೆಗೇ ಮುಗಿದುಹೋಗಿತ್ತು. ಅವಳ ಗೈಡ್ ಕಟ್ಟುನಿಟ್ಟಿನ ಮನುಷ್ಯರು. “ಗಿಡ ಯಾವುದೆಂದು ಗೊತ್ತಿಲ್ಲದ ಫಲಿತಾಂಶ ನನಗೆ ಬೇಡ. ಮಾರ್ಚ್ ಮುಗಿಯುವುದರೊಳಗೆ ಗಿಡ ತೋರಿಸು, ಇಲ್ಲದಿದ್ದರೆ ವಿಷಯ ಬದಲಾಯಿಸು” ಎಂದರು. ಬದಲಾಯಿಸುವುದೆಂದರೆ ಮೊದಲಿನಿಂದ ಶುರು. ರೆಹಾನಾ ಅಳುಮೋರೆ ಮಾಡಿಕೊಂಡು ನನ್ನ ಮನೆಗೆ ಬಂದಳು. ನಾನು ಟಿಕೆಟ್ ತೆಗೆದು, “ಇಷ್ಟೇ ತಾನೆ? ಯಾವುದೋ ಕಾಡವರೆ. ಈ ಸೀಮೆಯಲ್ಲಿ ನನಗೆ ಗೊತ್ತಿಲ್ಲದ ಅವರೆ ಯಾವುದಿದೆ?” ಎಂದೆ. ಆಗಲೇ ಸೀದಾ ಪುಟ್ಟಕ್ಕನ ಮನೆಗೆ ಹೋಗಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಪಾಠ ಮಾಡಿದವರಿಗೆ ಮತ್ತೊಮ್ಮೆ ಕೇಳುವುದೆಂದರೆ ಸಂಕೋಚ.

ಆಮೇಲಿನ ಎರಡು ತಿಂಗಳು ನಾವಿಬ್ಬರೂ ಅವರೆಯ ಬೆನ್ನು ಹತ್ತಿದೆವು. ಬಡವನಹಳ್ಳಿಯ ಸಂತೆಯಲ್ಲಿ ಅವರೆಕಾಯಿ ಮಾರುವವರನ್ನೆಲ್ಲ ಹಿಡಿದು ಕಾಡವರೆ ಎಲ್ಲಿ ಬೆಳೆಯುತ್ತದೆಂದು ವಿಚಾರಿಸಿದೆವು. ಒಬ್ಬಾಕೆ ಸೊಗಡಿನ ಕಾಯಿ ಮೂಸಿ ತೋರಿಸುತ್ತ, “ತಿನ್ನೋ ಅವರೆ ಬುಟ್ಟು ತಿನ್ನದಿರೋ ಅವರೆ ಯಾಕವ್ವ ನಿಮ್ಗೆ? ಹೆಂಗೈದೀರಿ, ಉಸಾರಾಗೈದೀರಾ?” ಎಂದು ಕನಿಕರದಿಂದ ಕೇಳಿದಳು. ಬುಕ್ಕಾಪಟ್ಟಣದ ಕುರುಚಲು ಕಾಡಿನಂಚಿನಲ್ಲಿ ನಾನು ಒಂದು ಬಳ್ಳಿಯ ಕಾಯಿಗೊಂಚಲನ್ನು ಉತ್ಸಾಹದಿಂದ ಎದೆಗವಚಿಕೊಂಡೆ. ಅದು ನಸುಗುನ್ನಿ. ಮೈಮೇಲೆಲ್ಲ ಕಾಯಿಯ ರೋಮ ಹತ್ತಿ ತುರಿಕೆ ಎದ್ದು, ನಾನು ಬಸ್ಸಿನ ಕಂಬಕ್ಕೆ ಬೆನ್ನು ಉಜ್ಜಿಕೊಳ್ಳುತ್ತ ಶಿರಾವರೆಗೆ ನಿಂತೇ ಬಂದೆ. ಗಿಡ ಗುರುತಿಸಲು ಬರದವರಿಗೆ ನಾನು ಪರೀಕ್ಷೆಯಲ್ಲಿ ಸೊನ್ನೆ ಕೊಡುತ್ತಿದ್ದೆ ಎಂಬುದನ್ನು ರೆಹಾನಾ ನೆನಪಿಸಲಿಲ್ಲ. ಒಳ್ಳೆಯ ಹುಡುಗಿ.

ಸಿಕ್ಕ ಅವರೆಗಳನ್ನೆಲ್ಲ ಅವಳು ಅರೆದಳು, ಸೋಸಿದಳು, ತಟ್ಟೆಗೆ ಹಾಕಿದಳು. ಒಂದೂ ಕೆಲಸ ಮಾಡಲಿಲ್ಲ. ಕೊನೆಯ ಅವರೆಯೂ ಕೈಕೊಟ್ಟ ದಿನ ಫೋನಿನಲ್ಲಿ ಅವಳ ದನಿ ಸತ್ತುಹೋಗಿತ್ತು. “ಮೊದಲನೇದು ಏನೋ ತಪ್ಪಾಗಿ ಬಂದಿರಬೇಕು ಮ್ಯಾಮ್. ನಾನೇ ಎಲ್ಲೋ ಎಡವಿದೀನಿ” ಎಂದಳು. ಅಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡುವ ಹುಡುಗಿ ತನ್ನ ಕೈಯನ್ನೇ ನಂಬದ ಹಾಗಾಗಿತ್ತು. ಮಾರ್ಚ್ ಮುಗಿಯಲು ಆರೇ ದಿನ ಉಳಿದಿದ್ದವು. “ನಾಳೆ ಹೊರಡು, ಪುಟ್ಟಕ್ಕನ ಹತ್ತಿರ ಹೋಗೋಣ” ಎಂದೆ.

ಪುಟ್ಟಕ್ಕ ಜಗಲಿಯಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದಳು. ಇನ್ನೊಂದು ತುದಿಯಲ್ಲಿ ಅವಳ ಗಂಡ ಗೋಡೆಗೊರಗಿ ಎಲೆಯಡಿಕೆ ಮೆಲ್ಲುತ್ತಿದ್ದರು. ಹಿಂದಿನ ಸಲ ಅವರು ಕುರಿ ಮೇಯಿಸಲು ಹೋಗಿದ್ದರಿಂದ ನಾನು ನೋಡಿರಲಿಲ್ಲ.

“ಅಜ್ಜಿ, ಅವರೆ ಬಳ್ಳಿ ಎಲ್ಲಾ ನೋಡಿದ್ವಿ, ಯಾವುದೂ ಅಲ್ಲ” ಎಂದಳು ರೆಹಾನಾ.

“ಅವರೆ ಯಾಕಮ್ಮ ನೋಡಿದ್ರಿ?”

“ನೀವೇ ಹೇಳಿದ್ರಂತಲ್ಲ, ಅವರೆ ಬಳ್ಳಿ ಅಂತ?”

“ಅವರೆ ಅಂತ ಯಾವಾಗ ಅಂದೆ? ಅವ್ರ ಬಳ್ಳಿ ಅಂದೆ ಕಣಮ್ಮ, ಅವ್ರ ಬಳ್ಳಿ! ಅವರೆ ಬ್ಯಾರೆ, ಅವ್ರು ಬ್ಯಾರೆ!” ಎಂದು ಪುಟ್ಟಕ್ಕ ಗದ್ದ ಎತ್ತಿ ಗಂಡನ ಕಡೆ ತೋರಿಸಿದಳು. “ಅವ್ರ ಹೆಸ್ರಿಂದು.”

ನಾನು ಹಣೆ ಚಚ್ಚಿಕೊಂಡೆ. ನಿಜವಾಗಿಯೂ, ಸದ್ದು ಬರುವ ಹಾಗೆ. ಗಂಡನ ಹೆಸರು ಬಾಯಲ್ಲಿ ಹೇಳಬಾರದು! ಬಳ್ಳಿಗೂ ಗಂಡನಿಗೂ ಒಂದೇ ಹೆಸರು, ಆದ್ದರಿಂದ ಅದು ‘ಅವರ’ ಬಳ್ಳಿ. ನಮ್ಮ ತಾತನ ಹೆಸರು ರಂಗಪ್ಪ. ನಮ್ಮಜ್ಜಿ ಸಾಯುವವರೆಗೂ ರಂಗೋಲಿ ಎನ್ನಲಿಲ್ಲ, ‘ಬಾಗಿಲ ಗೀಟು’ ಎನ್ನುತ್ತಿದ್ದಳು. “ಬಾಗಿಲ ಗೀಟು ಹಾಕೇ” ಎಂದು ಕೇಳಿಸಿಕೊಂಡೇ ಬೆಳೆದವಳು ನಾನು. ಅಷ್ಟೇಕೆ, ಎಂ.ಎಸ್ಸಿ. ಮಾಡಿದ ನಾನೂ ಮೂವತ್ತು ವರ್ಷದಿಂದ ಗಂಡನನ್ನು ‘ರೀ’ ಎಂದೇ ಕರೆಯುತ್ತಿದ್ದೇನೆ. ರೆಹಾನಾ ಕೂಡ ನಾಲಿಗೆ ಕಚ್ಚಿಕೊಂಡು, “ನಮ್ಮ ಅಮ್ಮಿನೂ ಅಬ್ಬಾ ಹೆಸರು ಹೇಳಲ್ಲ ಮ್ಯಾಮ್, ‘ರೆಹಾನಾ ಕೆ ಅಬ್ಬಾ’ ಅಂತಾರೆ” ಎಂದಳು. ಇಬ್ಬರ ಮನೆಯಲ್ಲೂ ಇರುವ ಮಾತು ಇಬ್ಬರ ತಲೆಗೂ ಹೊಳೆಯದೆ ನಾಲ್ಕು ತಾಲ್ಲೂಕಿನ ಅವರೆಯನ್ನು ಅರೆದುಹಾಕಿದ್ದೆವು.

“ಬಳ್ಳೀನೇ ತೋರಿಸಿ ಅಜ್ಜಿ, ಸಾಕು” ಎಂದಳು ರೆಹಾನಾ.

“ಈಗೆಲ್ಲೈತಮ್ಮ, ಬಿಸ್ಲಿಗೆ ಒಣಗೋಯ್ತು. ಬೇಲಿನಾಗೆ ಬರೀ ಪುಳ್ಳೆ.”

ಬೇಲಿಯ ಮೇಲೆ ನೂರೆಂಟು ಒಣಬಳ್ಳಿಗಳು ಹೆಣೆದುಕೊಂಡಿದ್ದವು. ಯಾವುದೆಂದು ಹುಡುಕಲೂ ಹೆಸರು ಬೇಕಿತ್ತು. ರೆಹಾನಾ ತಾತನ ಮುಂದೆ ಹೋಗಿ ಕೂತು, “ತಾತಾ, ನಿಮ್ಮ ಹೆಸರೇನು?” ಎಂದು ಕೇಳಿದಳು. ತಾತ ಎಲೆಯಡಿಕೆ ಒಂದು ದವಡೆಗೆ ತಳ್ಳಿ ಕಣ್ಣು ಕಿರಿದು ಮಾಡಿದರು.

“ನಾನ್ಯಾಕೆ ಹೇಳ್ಲಿ? ಅವಳ ಬಾಯಾಗೇ ಹೇಳಿಸ್ರಿ.”

“ತಾತಾ, ತಮಾಷೆ ಅಲ್ಲ. ಐದು ದಿನದಲ್ಲಿ ಗೊತ್ತಾಗದಿದ್ರೆ ನನ್ನ ಓದೇ ಹೋಗುತ್ತೆ.”

“ನಂದೂ ತಮಾಸೆ ಅಲ್ಲಮ್ಮ. ಮದ್ವೆ ದಿನ ನಮ್ಮಕ್ಕ ಬಾಗ್ಲಾಗೆ ಅಡ್ಡ ನಿಂತ್ಲು, ಗಂಡನ ಹೆಸ್ರು ಹೇಳಿ ಒಳಿಕ್ಕೆ ಬಾ ಅಂತ. ಇವ್ಳು ಗೊಳೋ ಅಂತ ಅಳಾಕೆ ಸುರು ಮಾಡಿದ್ಲು. ಪಾಪ ಅಂದ್ಕಂಡು ನಾನೇ, ಬುಡಕ್ಕ ಅಂದ್ಬುಟ್ಟೆ. ಅವತ್ತು ಬುಟ್ಟಿದ್ದೇ ತಪ್ಪಾತು. ಐವತ್ತು ವರ್ಸ ಆತು, ನನ್ನ ಹೆಸ್ರು ಇವಳ ಬಾಯಾಗೆ ಹೆಂಗೆ ಕೇಳ್ತದೆ ಅಂತ ನಂಗೇ ಗೊತ್ತಿಲ್ಲ.”

ರೆಹಾನಾ ಪಕ್ಕದ ಮನೆಗೆ ಓಡಿದಳು. ಅಲ್ಲಿಯ ಹೆಂಗಸು, “ಅವ್ರಾ? ಕುರಿ ತಾತ” ಎಂದಳು. ಊರಿಗೆಲ್ಲ ಅವರು ಕುರಿ ತಾತನೇ. ಪುಟ್ಟಕ್ಕ ನಗುತ್ತ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, “ಇರ್ರಿ, ಮಜ್ಜಿಗೆ ತತ್ತೀನಿ” ಎಂದು ಎದ್ದಳು. ತಪ್ಪಿಸಿಕೊಳ್ಳುವ ಉಪಾಯ ಅದು.

ಆಗ ನನಗೇನಾಯಿತೋ ಗೊತ್ತಿಲ್ಲ. ಅರವತ್ತು ದಾಟಿದವಳು, ಮಂಡಿ ನೋವಿನವಳು, ಚಂಗನೆ ಎದ್ದು ಹೋಗಿ ಅವಳಿಗಿಂತ ಮೊದಲು ಹೊಸಿಲ ಮೇಲೆ ನಿಂತೆ. ಎರಡು ಕೈ ಎರಡು ಬಾಗಿಲ ಪಟ್ಟಿಗೆ ಕೊಟ್ಟೆ. “ಗಂಡನ ಹೆಸರು ಹೇಳಿ ಒಳಗೆ ಬಾರವ್ವ” ಎಂದೆ.

“ಬುಡಮ್ಮ, ಈ ವಯಸ್ಸಿನಾಗೆ ನಾಚ್ಕೆ ಆಯ್ತದೆ.”

“ಬಿಡಲ್ಲ.”

“ಚೆಪ್ಪೇ, ಚೆಪ್ಪು!” ಎಂದು ಹಿಂದಿನಿಂದ ತಾತ ತೆಲುಗಿನಲ್ಲಿ, ಹೇಳೇ ಹೇಳು ಎಂದು ಹುರಿದುಂಬಿಸಿದರು.

ಪುಟ್ಟಕ್ಕ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಳು. ರೆಹಾನಾ ದುಪಟ್ಟಾ ತುದಿಯನ್ನು ಮುಷ್ಟಿಯಲ್ಲಿ ಹಿಂಡುತ್ತ ನಿಂತಿದ್ದಳು. ಬರಿ ಹೆಸರು ಹೇಳುವುದಕ್ಕೆ ನಾಲಿಗೆ ಏಳದಿದ್ದರೂ ಪದ ಕಟ್ಟಿ ಹೇಳಬಹುದೆಂಬ ರಿಯಾಯಿತಿ ನಮ್ಮ ಹೆಂಗಸರಿಗೆ ಹಿಂದಿನಿಂದ ಇದೆ. ಪುಟ್ಟಕ್ಕ ಅದನ್ನೇ ಹಿಡಿದಳು. ತುಟಿಯಲ್ಲೇ ಏನೋ ಜೋಡಿಸಿ, ಒಮ್ಮೆ ಗಂಟಲು ಸರಿಮಾಡಿಕೊಂಡು, ನೆಲ ನೋಡುತ್ತ ಹೇಳಿದಳು:

“ಬೇಲಿ ಮ್ಯಾಲೆ ಹಬ್ಬೈತೆ ಬಳ್ಳಿ, ಬಳ್ಳಿ ತುಂಬ ಕಾಯಿ,
ಕಾಯೊಳಗಿರೋ ದ್ಯಾವ್ರ ಹೆಸ್ರು ಹೇಳಲಾರ್ದು ಬಾಯಿ,
ಲಿಂಗಪ್ಪನ್ ಹೆಂಡ್ತಿ ನಾನು, ಬಾಗ್ಲು ಬುಡೇ ತಾಯಿ!”

ರೆಹಾನಾ, “ಲಿಂಗತೊಂಡೆ! ಮ್ಯಾಮ್, ಲಿಂಗತೊಂಡೆ!” ಎಂದು ಕೂಗಿ ಬೇಲಿಗೆ ನುಗ್ಗಿದಳು. ಪ್ರತಿ ವರ್ಷ ನಾನು ಬೋರ್ಡಿನ ಮೇಲೆ ಬರೆದು, ಚಿತ್ರ ಬಿಡಿಸಿ, ಪರೀಕ್ಷೆಗೆ ಕೇಳುತ್ತಿದ್ದ ಬಳ್ಳಿ! ತೊಂಡೆಯ ಜಾತಿಯದು, ಹಸಿರು ಕಾಯಿಯ ಮೇಲೆ ಬಿಳಿ ಗೀರು, ಹಣ್ಣಾದರೆ ಕೆಂಪು, ಒಳಗಿನ ಬೀಜ ಥೇಟು ಪುಟ್ಟ ಲಿಂಗ. ಅವರೆಗೂ ಅದಕ್ಕೂ ಸ್ನಾನ ಸೂತಕದ ಸಂಬಂಧವಿಲ್ಲ. ರೆಹಾನಾ ಮುಳ್ಳು ತರಚಿದ ಕೈಯಲ್ಲಿ ಸುಕ್ಕುಗಟ್ಟಿದ ಮೂರು ಹಣ್ಣು ತಂದು ಬಿಡಿಸಿದಳು. ಬೀಜಗಳು ಅವಳ ಅಂಗೈ ಮೇಲೆ ಬಿದ್ದವು. ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ತಿಳಿಯಲಿಲ್ಲ, ನನ್ನ ಕಣ್ಣೇ ಮಂಜಾಗಿತ್ತು.

ಜಗಲಿಯ ಮೇಲೆ ಲಿಂಗಪ್ಪನವರು ಮೆಲ್ಲುವುದನ್ನು ಮರೆತು ಕೂತಿದ್ದರು. ಕಿವಿಗೆ ಕೈ ಹಚ್ಚಿ, “ಏನಂದೆ? ಸರ್ಯಾಗಿ ಕೇಳಿಸ್ಲಿಲ್ಲ” ಎಂದರು.

“ಕೇಳಿಸ್ದಿದ್ರೆ ಇನ್ನೈವತ್ತು ವರ್ಸ ಕಾಯ್ರಿ” ಎಂದು ಪುಟ್ಟಕ್ಕ ನನ್ನ ಕೈ ತಳ್ಳಿ ಒಳಗೆ ಹೋದಳು.

ಗೈಡ್ ಬೀಜ ನೋಡಿ ಒಪ್ಪಿದರು, ಮಳೆಗಾಲದವರೆಗೆ ಸಮಯ ಕೊಟ್ಟರು. ಆ ವರ್ಷದ ಮಳೆಯನ್ನು ನಾನು ಕಾದಷ್ಟು ಯಾವ ರೈತನೂ ಕಾದಿರಲಾರ. ಎರಡು ಹದ ಬಿದ್ದದ್ದೇ ಬೇಲಿಯ ಬುಡದಿಂದ ಬಳ್ಳಿ ಎದ್ದಿತು. ರೆಹಾನಾ ಎಲೆ ತಂದಳು, ನೆರಳಲ್ಲಿ ಒಣಗಿಸಿದಳು, ಪರೀಕ್ಷೆಗೆ ಹಾಕಿದಳು. ಕೆರಳಿದ್ದು ಮೊದಲಿನಂತೆಯೇ ಇಳಿಯಿತು. ಮತ್ತೆ ಹಾಕಿದಳು, ಮತ್ತೆ ಇಳಿಯಿತು. ಮೂರನೆಯ ಸಲ ಫೋನು ಮಾಡಿದಾಗ ಅವಳು ಕಿರುಚಲಿಲ್ಲ. “ನನ್ನ ಕೈ ಸರಿಯಾಗೇ ಇತ್ತು ಮ್ಯಾಮ್” ಎಂದಳು, ಅಷ್ಟೆ. ಇದನ್ನು ಓದಿ ಮಂಡಿನೋವಿನವರು ಬೇಲಿ ಹುಡುಕಿಕೊಂಡು ಹೊರಡಬೇಡಿ. ತಟ್ಟೆಯಲ್ಲಿ ಆದದ್ದು ಮನುಷ್ಯರ ಮೈಯಲ್ಲಿ ಆಗುತ್ತದೆಯೇ ಎಂದು ನೋಡಲು ಇನ್ನೂ ವರ್ಷಗಳ ಕೆಲಸವಿದೆ. ಆ ಕೆಂಪು ಹಣ್ಣನ್ನಂತೂ ಬಾಯಿಗೆ ಹಾಕಿಕೊಳ್ಳಲೇಬೇಡಿ, ಅದು ವಿಷ.

ಕಾಯಿ ಬಿಟ್ಟ ಮೇಲೆ ಹಾಳೆಗೆ ಅಂಟಿಸುವ ಬಳ್ಳಿಗಾಗಿ ಮತ್ತೆ ನಿಡುಗಲ್ಲಿಗೆ ಹೋದೆವು. ಗಿಡದ ಗುಣ ಹೇಳಿಕೊಟ್ಟವರ ಹೆಸರೂ ಸಂಶೋಧನೆಯಲ್ಲಿ ಸೇರಬೇಕು, ಅದಕ್ಕೊಂದು ಫಾರಂ ಇರುತ್ತದೆ. ರೆಹಾನಾ ಜಗಲಿಯಲ್ಲಿ ಕೂತು ತುಂಬತೊಡಗಿದಳು. ಗಿಡದ ಹೆಸರು: ಲಿಂಗತೊಂಡೆ. ಉಪಯೋಗ: ಬಾವು ಇಳಿಸಲು. ಮಾಹಿತಿ ಕೊಟ್ಟವರು: ಪುಟ್ಟಕ್ಕ. ನಾಲ್ಕನೆಯ ಸಾಲಿಗೆ ಬಂದು ಅವಳ ಪೆನ್ನು ನಿಂತಿತು. ಯಾವ ಪುಣ್ಯಾತ್ಮರು ಆ ಫಾರಂ ಮಾಡಿದ್ದರೋ.

“ಗಂಡನ ಹೆಸರು, ಅಜ್ಜಿ?” ಎಂದು ಮೆಲ್ಲಗೆ ಕೇಳಿದಳು. ಹೆಸರು ಅವಳಿಗೆ ಗೊತ್ತೇ ಇತ್ತು. ಆದರೂ ಕೇಳಿದಳು, ಪೋಲಿ.

ಅತ್ತ ಲಿಂಗಪ್ಪನವರು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತರು.

ಪುಟ್ಟಕ್ಕ ಒಮ್ಮೆ ಅವರನ್ನು ನೋಡಿದಳು, ಒಮ್ಮೆ ಫಾರಂ ನೋಡಿದಳು.

“ಮ್ಯಾಲೆ ಬಳ್ಳಿ ಹೆಸ್ರು ಬರ್ದಿದ್ದೀಯಲ್ಲಮ್ಮ, ಅದ್ರಾಗೇ ಅರ್ಧ ಮುರ್ದು ಇಲ್ಲಿಗೆ ಹಾಕ್ಕ. ತೊಂಡೆ ಬಳ್ಳಿಗಿರ್ಲಿ, ಮಿಕ್ಕಿದ್ದು ನಂದು.”